ಹೆಪಟೈಟಿಸ್ ಸಿ: ಮಾತ್ರೆ ಇದೆ, ರೋಗಿ ಕೈತಪ್ಪುವುದು ಪರೀಕ್ಷೆಯಲ್ಲಿ

ಕಣ್ಣಿನ ಪೊರೆ ತೆಗೆಸಲೋ, ಹೆರಿಗೆಗೋ, ಹರ್ನಿಯಾ ಆಪರೇಷನ್ನಿಗೋ ಆಸ್ಪತ್ರೆಗೆ ಸೇರಿದರೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರಕ್ಕೂ ಒಟ್ಟಿಗೇ ರಕ್ತ ತೆಗೆಯುತ್ತಾರೆ. ತಮಗೆ ಹೆಪಟೈಟಿಸ್ ಸಿ, ಅಂದರೆ ರಕ್ತದ ಮೂಲಕ ಹರಡಿ ಲಿವರನ್ನು ಕೆಡಿಸುವ ವೈರಸ್, ತಗುಲಿದೆ ಎಂಬುದು ಎಷ್ಟೋ ಜನರಿಗೆ ತಿಳಿಯುವುದೇ ಹೀಗೆ, ಬೇರಾವುದೋ ಕಾಯಿಲೆಗೆ ಬಂದಾಗ. ರಿಪೋರ್ಟಿನಲ್ಲಿ ‘ಆ್ಯಂಟಿ ಎಚ್‌ಸಿವಿ: ರಿಯಾಕ್ಟಿವ್’ (ಎಚ್‌ಸಿವಿ ಎಂದರೆ ಹೆಪಟೈಟಿಸ್ ಸಿ ವೈರಸ್) ಎಂದು ಬಂದ ಮೇಲೆ ನಡೆಯುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು. ಮನೆಯವರು ಹೆದರಿ ತಟ್ಟೆ, ಲೋಟ ಬೇರೆ ಮಾಡುತ್ತಾರೆ. ಇಲ್ಲವೇ, ಆಪರೇಷನ್ ಹೇಗೋ ಮುಗಿದು, ಆ ಕಾಗದ ಫೈಲಿನೊಳಗೆ ಸೇರಿ, ಹತ್ತು ವರ್ಷದ ನಂತರ ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗ ಮತ್ತೆ ಹೊರಬರುತ್ತದೆ. ಎರಡೂ ಆಗಬಾರದ್ದು. 12 ವಾರ ಮಾತ್ರೆ ನುಂಗಿದರೆ ನೂರರಲ್ಲಿ ತೊಂಬತ್ತೈದು ಮಂದಿಗೆ ಪೂರ್ತಿ ವಾಸಿಯಾಗುವ ಕಾಯಿಲೆ ಇದು. ಆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೂ ಸಿಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಹೆಪಟೈಟಿಸ್ ಸಿ ಇದೆ. ಭಾರತದಲ್ಲಿ ಅಂದಾಜು 55 ಲಕ್ಷ. ನಮಗಿಂತ ಹೆಚ್ಚು ರೋಗಿಗಳಿರುವುದು ಪಾಕಿಸ್ತಾನದಲ್ಲಿ ಮಾತ್ರ. 2022ರ ಹೊತ್ತಿಗೆ ಜಗತ್ತಿನ ಸೋಂಕಿತರ ಪೈಕಿ ತಮಗೆ ಕಾಯಿಲೆ ಇದೆಯೆಂದು ತಿಳಿದವರು ಶೇ 36, ಚಿಕಿತ್ಸೆ ಪಡೆದವರು ಶೇ 20. ಇದು ಔಷಧದ ಕೊರತೆಯಿಂದ ಆದದ್ದಲ್ಲ. ಮಾತ್ರೆಗೆ ಮೊದಲು ಆಗಬೇಕಾದ ಪರೀಕ್ಷೆ, ಮಾತ್ರೆಯ ನಂತರ ಆಗಬೇಕಾದ ಪರೀಕ್ಷೆ, ಈ ಎರಡು ಕಡೆ ರೋಗಿಗಳು ಕೈತಪ್ಪಿ ಹೋಗುತ್ತಾರೆ. 2030ರೊಳಗೆ ಈ ರೋಗವನ್ನು ತೊಲಗಿಸುತ್ತೇವೆಂದು ಭಾರತ ಗುರಿ ಇಟ್ಟುಕೊಂಡಿದೆ. ಅದು ಕೈಗೂಡುವುದೂ ಬಿಡುವುದೂ ಇಲ್ಲೇ.

ವಾಸಿಯಾಗುವುದು ಹೇಗೆ

ಹೆಪಟೈಟಿಸ್ ಬಿ ವೈರಸ್ಸನ್ನು ಮಾತ್ರೆಯಿಂದ ಅದುಮಿಡಬಹುದು, ಬೇರುಸಹಿತ ಕೀಳುವುದು ಅಪರೂಪ. ಅದು ಲಿವರ್ ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ತನ್ನ ಡಿಎನ್‌ಎಯನ್ನು ಇಟ್ಟುಬಿಡುತ್ತದೆ. ಎಚ್‌ಐವಿಯೂ ಹಾಗೆಯೇ, ನಮ್ಮ ಡಿಎನ್‌ಎಯೊಳಗೇ ಸೇರಿಕೊಳ್ಳುತ್ತದೆ. ಹೆಪಟೈಟಿಸ್ ಸಿ ವೈರಸ್ಸಿನದು ಆರ್‌ಎನ್‌ಎ. ಅದು ನ್ಯೂಕ್ಲಿಯಸ್ಸಿಗೆ ಕಾಲಿಡುವುದಿಲ್ಲ, ಹೊರಗಿನ ಕೋಶರಸದಲ್ಲೇ ಇದ್ದು ನಕಲಾಗುತ್ತದೆ. ಅಡಗಿ ಕೂರಲು ಅದಕ್ಕೆ ಜಾಗವಿಲ್ಲ. ನಕಲಾಗುವುದನ್ನು ಸಾಕಷ್ಟು ದಿನ ತಡೆದರೆ ಇರುವ ವೈರಸ್ ಸವೆದು ಮುಗಿಯುತ್ತದೆ.

ತಡೆಯುವ ಕೆಲಸಕ್ಕೆ ಎರಡು ಔಷಧ ಬೇಕು. ಸೋಫೋಸ್‌ಬುವಿರ್ ವೈರಸ್ಸಿನ ಎನ್‌ಎಸ್5ಬಿ ಎಂಬ ಕಿಣ್ವಕ್ಕೆ ಸುಳ್ಳು ಕೊಂಡಿಯಂತೆ ಸಿಕ್ಕಿಕೊಳ್ಳುತ್ತದೆ. ಆ ಕೊಂಡಿ ಸೇರಿದ ಮೇಲೆ ಆರ್‌ಎನ್‌ಎ ಸರಪಳಿ ಮುಂದಕ್ಕೆ ಬೆಳೆಯುವುದಿಲ್ಲ. ಡಕ್ಲಾಟಾಸ್‌ವಿರ್ ಮತ್ತು ವೆಲ್‌ಪಟಾಸ್‌ವಿರ್ ಎನ್‌ಎಸ್5ಎ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತವೆ. ಒಂದೇ ಔಷಧ ಕೊಟ್ಟರೆ ವೈರಸ್ ರೂಪ ಬದಲಿಸಿ ನುಣುಚಿಕೊಳ್ಳಬಹುದು, ಎರಡನ್ನೂ ಒಟ್ಟಿಗೆ ಮೀರುವುದು ಅದಕ್ಕೆ ಬಲು ಕಷ್ಟ.

ಇದಕ್ಕೂ ಮೊದಲಿದ್ದುದು ಇಂಟರ್‌ಫೆರಾನ್ ಇಂಜೆಕ್ಷನ್. ವಾರಕ್ಕೊಂದರಂತೆ 24ರಿಂದ 48 ವಾರ, ಜೊತೆಗೆ ರೈಬಾವಿರಿನ್ ಎಂಬ ಮಾತ್ರೆ. ಜ್ವರ, ಮೈಕೈ ನೋವು, ಖಿನ್ನತೆ, ರಕ್ತಹೀನತೆ ಎಲ್ಲವನ್ನೂ ಸಹಿಸಿಕೊಂಡರೂ ಕೆಲವು ಬಗೆಯ ವೈರಸ್ಸಿನಲ್ಲಿ ವಾಸಿಯಾಗುತ್ತಿದ್ದುದು ಅರ್ಧದಷ್ಟು ಜನರಿಗೆ. ‘ಅದರ ಚಿಕಿತ್ಸೆ ಕಾಯಿಲೆಗಿಂತ ಕಷ್ಟ’ ಎಂಬ ಮಾತು ಊರೂರಲ್ಲಿ ಇನ್ನೂ ಉಳಿದಿರುವುದು ಆ ಕಾಲದ ಅನುಭವದಿಂದ. ಈಗಿನ ಮಾತ್ರೆಗೆ ಆ ಮಾತು ಅನ್ವಯಿಸುವುದಿಲ್ಲ. ತಲೆನೋವು, ಸುಸ್ತು, ಸ್ವಲ್ಪ ವಾಕರಿಕೆ ಬಂದರೂ ಬಹುಪಾಲು ಜನ ಕೆಲಸಕ್ಕೆ ರಜೆ ಹಾಕದೇ ಚಿಕಿತ್ಸೆ ಮುಗಿಸುತ್ತಾರೆ.

ಬೆಲೆಯ ಕಥೆಯನ್ನೂ ಹೇಳಬೇಕು, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೋಫೋಸ್‌ಬುವಿರ್‌ಗೆ ಅನುಮತಿ ಸಿಕ್ಕಾಗ ಗಿಲಿಯಡ್ ಕಂಪನಿ 12 ವಾರದ ಚಿಕಿತ್ಸೆಗೆ ಇಟ್ಟ ಬೆಲೆ 84,000 ಡಾಲರ್, ಅಂದರೆ ಮಾತ್ರೆಯೊಂದಕ್ಕೆ 1,000 ಡಾಲರ್. ಭಾರತದಲ್ಲಿ ಅದರ ಪೇಟೆಂಟ್‌ಗೆ ಆಕ್ಷೇಪಣೆಗಳು ದಾಖಲಾದವು. 2014ರ ಸೆಪ್ಟೆಂಬರಿನಲ್ಲಿ ಕಂಪನಿ ಇಲ್ಲಿನ ಏಳು ತಯಾರಕರಿಗೆ ಲೈಸೆನ್ಸ್ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಆ ಏಳರಲ್ಲಿತ್ತು, ಬಯೋಕಾನ್ ಆಮೇಲೆ ಸೇರಿತು. 2015ರಲ್ಲಿ 28 ಮಾತ್ರೆಯ ಡಬ್ಬಿ ಇಲ್ಲಿ ಸುಮಾರು 20,000 ರೂಪಾಯಿಗೆ ಮಾರುಕಟ್ಟೆಗೆ ಬಂತು, ಪೈಪೋಟಿಯಿಂದ ಇನ್ನೂ ಇಳಿಯಿತು. ಈಗ ಬಡ ಹಾಗೂ ಮಧ್ಯಮ ಆದಾಯದ ದೇಶಗಳು ಸಗಟಾಗಿ ಕೊಳ್ಳುವಾಗ ಇಡೀ 12 ವಾರದ ಚಿಕಿತ್ಸೆ 60 ಡಾಲರಿಗೆ ಸಿಗುತ್ತದೆ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿ ಪರೀಕ್ಷೆ, ಮಾತ್ರೆ ಎರಡನ್ನೂ ಉಚಿತ ಮಾಡಿತು.

ರಿಯಾಕ್ಟಿವ್ ಎಂದರೆ ಕಾಯಿಲೆ ಎಂದಲ್ಲ

ಮೊದಲ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸಿಕೊಂಡ ಆ್ಯಂಟಿಬಾಡಿಯನ್ನು. ಸೋಂಕು ತಗುಲಿದವರಲ್ಲಿ ಸರಿಸುಮಾರು ನೂರಕ್ಕೆ ಮೂವತ್ತು ಮಂದಿಗೆ ಆರು ತಿಂಗಳೊಳಗೆ ಔಷಧವಿಲ್ಲದೆ ತಾನಾಗಿ ಗುಣವಾಗುತ್ತದೆ. ಅವರ ಆ್ಯಂಟಿಬಾಡಿ ಮಾತ್ರ ಉಳಿದುಕೊಳ್ಳುತ್ತದೆ. ಚಿಕಿತ್ಸೆ ಪಡೆದು ವಾಸಿಯಾದವರಲ್ಲೂ ಉಳಿದುಕೊಳ್ಳುತ್ತದೆ. ಹಾಗಾಗಿ ರಿಯಾಕ್ಟಿವ್ ಎಂದು ಬಂದವರಿಗೆಲ್ಲ ಎರಡನೆಯ ಪರೀಕ್ಷೆ, ಅಂದರೆ ಎಚ್‌ಸಿವಿ ಆರ್‌ಎನ್‌ಎ, ಆಗಲೇಬೇಕು. ಲ್ಯಾಬಿನವರು ಇದನ್ನೇ ‘ವೈರಲ್ ಲೋಡ್’ ಅಥವಾ ‘ಪಿಸಿಆರ್’ ಎನ್ನುತ್ತಾರೆ. ಇದರಲ್ಲಿ ವೈರಸ್ ಕಂಡರೆ ಮಾತ್ರ ಚಿಕಿತ್ಸೆ. ಆ್ಯಂಟಿಬಾಡಿ ರಿಪೋರ್ಟ್ ನೋಡಿಯೇ ಮಾತ್ರೆ ಶುರು ಮಾಡುವುದೂ ತಪ್ಪು, ಆರ್‌ಎನ್‌ಎ ಮಾಡಿಸದೆ ‘ಏನೂ ಆಗಲ್ಲ ಹೋಗಿ’ ಎಂದು ಕಳಿಸುವುದೂ ತಪ್ಪು.

ಹೆಚ್ಚು ಜನ ಕೈತಪ್ಪುವುದು ಈ ಎರಡು ಪರೀಕ್ಷೆಗಳ ನಡುವೆಯೇ. ಮೊದಲನೆಯದು ಬೆರಳ ತುದಿ ಚುಚ್ಚಿ ಇಪ್ಪತ್ತು ನಿಮಿಷದಲ್ಲಿ ಮುಗಿಯುವಂಥದ್ದು. ಎರಡನೆಯದಕ್ಕೆ ಮಾದರಿ ಬೇರೆಲ್ಲಿಗೋ ಹೋಗಬೇಕು, ರೋಗಿ ಇನ್ನೊಂದು ದಿನ ಬರಬೇಕು. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿದು, ಕೂಲಿ ಬಿಟ್ಟು, ಮೈಯಲ್ಲಿ ಯಾವ ತೊಂದರೆಯೂ ಇಲ್ಲದ ಕಾಯಿಲೆಗಾಗಿ ಎರಡನೇ ಸಲ ಬರುವವರು ಎಷ್ಟು ಮಂದಿ? ಇದಕ್ಕೆ ಸುಲಭದ ದಾರಿಯಿದೆ. ಮೊದಲ ದಿನವೇ ಎರಡು ಟ್ಯೂಬ್ ರಕ್ತ ತೆಗೆದಿಟ್ಟುಕೊಂಡು, ಆ್ಯಂಟಿಬಾಡಿ ರಿಯಾಕ್ಟಿವ್ ಬಂದರೆ ರೋಗಿಯನ್ನು ಕೇಳಲು ಕಾಯದೆ ಎರಡನೇ ಟ್ಯೂಬನ್ನು ನೇರವಾಗಿ ಆರ್‌ಎನ್‌ಎಗೆ ಕಳಿಸುವುದು. ಕ್ಷಯರೋಗ ಪತ್ತೆಗೆಂದು ನಮ್ಮ ಆಸ್ಪತ್ರೆಗಳಲ್ಲಿ ಕೂರಿಸಿರುವ ಜೀನ್‌ಎಕ್ಸ್‌ಪರ್ಟ್ ಮತ್ತು ಟ್ರೂನ್ಯಾಟ್ ಯಂತ್ರಗಳಲ್ಲೇ ಹೆಪಟೈಟಿಸ್ ಸಿ ಆರ್‌ಎನ್‌ಎ ಪರೀಕ್ಷೆಯನ್ನೂ ಮಾಡಬಹುದು. ಕಾರ್ಟ್ರಿಜ್ ಅಥವಾ ಚಿಪ್ ಬೇರೆ, ಯಂತ್ರ ಅದೇ. ಹೊಸ ಯಂತ್ರ ಕೊಳ್ಳುವುದಕ್ಕಿಂತ ಇರುವ ಯಂತ್ರವನ್ನು ಎರಡು ಕಾರ್ಯಕ್ರಮಗಳು ಹಂಚಿಕೊಳ್ಳುವಂತೆ ಮಾಡುವುದು ಜಾಣತನ.

ಖಾಸಗಿ ಲ್ಯಾಬುಗಳಲ್ಲಿ ಇದರ ಜೊತೆಗೆ ವೈರಸ್ ಯಾವ ಬಗೆಯದೆಂದು ಹೇಳುವ ‘ಜೀನೋಟೈಪ್’ ಪರೀಕ್ಷೆಯನ್ನೂ ಬರೆದುಕೊಡುವುದುಂಟು. ಮೊದಲ ಸಲ ಚಿಕಿತ್ಸೆ ಪಡೆಯುವ ಬಹುಪಾಲು ರೋಗಿಗಳಿಗೆ ಅದು ಬೇಕಿಲ್ಲ. ಈಗಿನ ಮಾತ್ರೆಗಳು ವೈರಸ್ಸಿನ ಎಲ್ಲ ಮುಖ್ಯ ಬಗೆಗಳ ಮೇಲೂ ಕೆಲಸ ಮಾಡುತ್ತವೆ. ಆ ಹಣ ಉಳಿಸಿ ಕೆಳಗೆ ಹೇಳುವ ಪರೀಕ್ಷೆಗಳಿಗೆ ಇಟ್ಟುಕೊಳ್ಳುವುದು ಮೇಲು.

ಸಿರೋಸಿಸ್ ಇದೆಯೇ? ಲೆಕ್ಕ ಹಾಕಿ ನೋಡಿ

ಯಾವ ಮಾತ್ರೆ, ಎಷ್ಟು ದಿನ ಎಂಬುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದೆಯೇ? ಲಿವರಿನ ತುಣುಕು ತೆಗೆದು ನೋಡುವ ಬಯಾಪ್ಸಿ ಈಗ ಬೇಕಿಲ್ಲ. ಸಾಧಾರಣ ರಕ್ತ ಪರೀಕ್ಷೆಯ ಮೂರ್ನಾಲ್ಕು ಅಂಕಿ ಸಾಕು.

ಐವತ್ತು ವರ್ಷದ ರೋಗಿಯ ರಿಪೋರ್ಟಿನಲ್ಲಿ ಎಸ್‌ಜಿಒಟಿ 80, ಎಸ್‌ಜಿಪಿಟಿ 64 (ಎರಡೂ ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳು), ಪ್ಲೇಟ್‌ಲೆಟ್ 1 ಲಕ್ಷ ಇದೆ ಎಂದಿಟ್ಟುಕೊಳ್ಳಿ. ಲ್ಯಾಬ್ ಹೇಳುವ ಎಸ್‌ಜಿಒಟಿ ಗರಿಷ್ಠ ಮಿತಿ 40. ಎಪ್ರಿ ಎಂಬ ಸೂಚ್ಯಂಕಕ್ಕೆ 80ನ್ನು 40ರಿಂದ ಭಾಗಿಸಿ, ಬಂದ 2ನ್ನು ಪ್ಲೇಟ್‌ಲೆಟ್‌ನಿಂದ ಭಾಗಿಸಿ, 100ರಿಂದ ಗುಣಿಸಬೇಕು. ತಪ್ಪಾಗುವುದು ಇಲ್ಲೇ: ಪ್ಲೇಟ್‌ಲೆಟ್ಟನ್ನು ಲಕ್ಷದಲ್ಲಲ್ಲ, ಸಾವಿರದಲ್ಲಿ ಹಾಕಬೇಕು. 1 ಲಕ್ಷ ಎಂದರೆ 100. ಆಗ ಎಪ್ರಿ 2.0. ಫಿಬ್-4 ಎಂಬ ಇನ್ನೊಂದು ಲೆಕ್ಕದಲ್ಲಿ ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸುತ್ತಾರೆ. 50 ಗುಣಿಲೆ 80 ಎಂದರೆ 4,000, 64ರ ವರ್ಗಮೂಲ 8, ಗುಣಿಲೆ 100 ಎಂದರೆ 800, ಉತ್ತರ 5. ಎಪ್ರಿ 2ನ್ನು ಮುಟ್ಟಿದರೆ, ಫಿಬ್-4 3.25 ದಾಟಿದರೆ ಸಿರೋಸಿಸ್ ಇರುವ ಸಾಧ್ಯತೆ ಬಲವಾಗಿದೆ ಎಂದೇ ಹಿಡಿದು ಸ್ಕ್ಯಾನಿಂಗ್ ಮಾಡಿಸಬೇಕು. ಇದೇ ಲೆಕ್ಕ 30 ವರ್ಷದ, ಎಸ್‌ಜಿಒಟಿ 60, ಎಸ್‌ಜಿಪಿಟಿ 81, ಪ್ಲೇಟ್‌ಲೆಟ್ ಎರಡೂವರೆ ಲಕ್ಷ ಇರುವವರಿಗೆ ಎಪ್ರಿ 0.6, ಫಿಬ್-4 0.8 ಕೊಡುತ್ತದೆ, ಅಲ್ಲಿ ಸಿರೋಸಿಸ್ ಸಂಶಯ ಕಡಿಮೆ.

ಈ ಲೆಕ್ಕವೂ ಎಡವುತ್ತದೆ. ಡೆಂಗಿ ಬಂದಾಗ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಒಟಿ ಏರುತ್ತದೆ. ಆ ವಾರದ ರಿಪೋರ್ಟ್ ಹಿಡಿದು ಲೆಕ್ಕ ಹಾಕಿದರೆ ಗಟ್ಟಿಮುಟ್ಟಾದವರಿಗೂ ಸಿರೋಸಿಸ್ ಬಂದಂತೆ ಕಾಣುತ್ತದೆ. ವಯಸ್ಸು 65 ದಾಟಿದವರಲ್ಲಿ ಫಿಬ್-4 ತುಸು ಮೇಲೆಯೇ ಬರುತ್ತದೆ. ಅನುಮಾನವಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸುತ್ತಾರೆ, ಅದರಲ್ಲಿ 12.5 ಕಿಲೋಪ್ಯಾಸ್ಕಲ್ ದಾಟಿದರೆ ಸಿರೋಸಿಸ್.

ಸಿರೋಸಿಸ್ ಇಲ್ಲದವರಿಗೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೋಫೋಸ್‌ಬುವಿರ್ 400 ಮಿಲಿಗ್ರಾಂ ಮತ್ತು ಡಕ್ಲಾಟಾಸ್‌ವಿರ್ 60 ಮಿಲಿಗ್ರಾಂ, ದಿನಕ್ಕೊಂದು ಸಲ, 12 ವಾರ. ಸಿರೋಸಿಸ್ ಇದ್ದೂ ಲಿವರ್ ಇನ್ನೂ ಕೆಲಸ ನಿಭಾಯಿಸುತ್ತಿದ್ದರೆ ಸೋಫೋಸ್‌ಬುವಿರ್ 400, ವೆಲ್‌ಪಟಾಸ್‌ವಿರ್ 100 ಇರುವ ಒಂದೇ ಮಾತ್ರೆ, ಅದೂ 12 ವಾರ. ನಮ್ಮ ದೇಶದಲ್ಲಿ ಹೆಚ್ಚಾಗಿರುವುದು ಜೀನೋಟೈಪ್ 3. ಸಿರೋಸಿಸ್ ಆದ ಲಿವರಿನಲ್ಲಿ ಅದು ಡಕ್ಲಾಟಾಸ್‌ವಿರ್‌ಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಮಾತ್ರೆ ಬದಲಿಸುವುದು ಅದಕ್ಕಾಗಿ. ಹೊಟ್ಟೆಯಲ್ಲಿ ನೀರು, ಕಾಮಾಲೆ, ರಕ್ತವಾಂತಿ, ಮಂಪರು ಇವುಗಳಲ್ಲಿ ಯಾವುದಾದರೂ ಒಮ್ಮೆ ಆಗಿದ್ದರೆ ಜಿಲ್ಲಾಸ್ಪತ್ರೆಯ ಕೇಂದ್ರದಲ್ಲಿ ಶುರು ಮಾಡದೆ ಮಾದರಿ ಚಿಕಿತ್ಸಾ ಕೇಂದ್ರದ (ಮಾಡೆಲ್ ಟ್ರೀಟ್‌ಮೆಂಟ್ ಸೆಂಟರ್) ತಜ್ಞರ ಬಳಿ ಕಳಿಸಬೇಕು. ಅಲ್ಲಿ ವೆಲ್‌ಪಟಾಸ್‌ವಿರ್ ಮಾತ್ರೆಗೆ ರೈಬಾವಿರಿನ್ ಸೇರಿಸಿ 12 ವಾರ, ರೈಬಾವಿರಿನ್ ತಡೆಯದವರಿಗೆ ಅದಿಲ್ಲದೆ 24 ವಾರ ಕೊಡುತ್ತಾರೆ. ರೈಬಾವಿರಿನ್ ಹಿಮೋಗ್ಲೋಬಿನ್ ಇಳಿಸುತ್ತದೆ, ಹಾಗಾಗಿ ಆಗಾಗ ರಕ್ತ ನೋಡುತ್ತಿರಬೇಕು. ಗರ್ಭದ ಮಗುವಿಗೆ ಅದು ಅಪಾಯ. ತೆಗೆದುಕೊಂಡವರು ಗಂಡಸಾಗಲಿ ಹೆಂಗಸಾಗಲಿ, ಔಷಧ ನಿಲ್ಲಿಸಿದ ಮೇಲೂ ಕನಿಷ್ಠ ಆರು ತಿಂಗಳು ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು.

ಕುಡಿತ ಬಿಟ್ಟಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು ಸಲ್ಲದು. ಕುಡಿತ ಬಿಡಿಸುವ ಕೆಲಸ ಬೇರೆ ನಡೆಯಲಿ. ವೈರಸ್ ಅಲ್ಲಿಯವರೆಗೆ ಕಾಯುವುದಿಲ್ಲ.

ಮಾತ್ರೆ ಸೋಲುವ ಸಂದರ್ಭಗಳು

ಮಾತ್ರೆ ಸೋತಾಗ ಎಷ್ಟೋ ಸಲ ತಪ್ಪು ಪಕ್ಕದ ಮಾತ್ರೆಯದಾಗಿರುತ್ತದೆ. ಮೊದಲ ಅಪರಾಧಿ ರಿಫಾಂಪಿಸಿನ್, ಕ್ಷಯರೋಗದ ಔಷಧ. ಇದು ಹೆಪಟೈಟಿಸ್ ಸಿ ಮಾತ್ರೆಗಳನ್ನು ರಕ್ತದಲ್ಲಿ ಉಳಿಯಗೊಡುವುದಿಲ್ಲ. ಕ್ಷಯ ಇದ್ದರೆ ಅದರ ಚಿಕಿತ್ಸೆ ಮುಗಿಸಿಯೇ ಇದನ್ನು ಶುರು ಮಾಡಬೇಕು. ಮೂರ್ಛೆರೋಗದ ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ಮಾಡುವುದೂ ಅದನ್ನೇ. ನರರೋಗ ತಜ್ಞರನ್ನು ಕೇಳಿ ಬೇರೆ ಮಾತ್ರೆಗೆ ಬದಲಾಗಬೇಕು, ತಾವೇ ನಿಲ್ಲಿಸಬಾರದು. ಹೃದಯದ ಬಡಿತ ಸರಿಪಡಿಸುವ ಅಮಿಯೊಡರಾನ್ ಜೊತೆ ಸೋಫೋಸ್‌ಬುವಿರ್ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿದು ಸಾವೂ ಸಂಭವಿಸಿದೆ.

ಆಮೇಲೆ ಗ್ಯಾಸ್ಟ್ರಿಕ್ ಮಾತ್ರೆ. ನಮ್ಮಲ್ಲಿ ಯಾರೂ ಅದನ್ನು ಔಷಧವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಬೇರೆ ಏನಾದರೂ ಮಾತ್ರೆ ತಗೋತೀರಾ?’ ಎಂದರೆ ಇಲ್ಲ ಎನ್ನುತ್ತಾರೆ, ಆದರೆ ಬೆಳಗೆದ್ದು ಓಮಿಪ್ರಜೋಲ್ ಅಥವಾ ಪ್ಯಾಂಟಪ್ರಜೋಲ್ ನುಂಗಿರುತ್ತಾರೆ. ವೆಲ್‌ಪಟಾಸ್‌ವಿರ್ ಕರಗಲು ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ಟ್ರಿಕ್ ಮಾತ್ರೆ ಆ ಆಮ್ಲವನ್ನು ತಗ್ಗಿಸಿದರೆ ಔಷಧ ಮೈಗೆ ಹತ್ತುವುದಿಲ್ಲ. ನಿಲ್ಲಿಸಲು ಆಗುವುದೇ ಇಲ್ಲವೆಂದರೆ ವೆಲ್‌ಪಟಾಸ್‌ವಿರ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಂಡು, ನಾಲ್ಕು ಗಂಟೆ ಕಳೆದ ಮೇಲೆ ಓಮಿಪ್ರಜೋಲ್ 20 ಮಿಲಿಗ್ರಾಂ ಮೀರದಂತೆ ತೆಗೆದುಕೊಳ್ಳಬಹುದು. ಸಿರಪ್ ರೂಪದ ಆ್ಯಂಟಾಸಿಡ್ ಆದರೂ ನಾಲ್ಕು ಗಂಟೆ ಅಂತರ ಇರಲಿ. ಕೊಲೆಸ್ಟರಾಲ್‌ಗೆ ರೋಸುವಾಸ್ಟಾಟಿನ್ ತೆಗೆದುಕೊಳ್ಳುವವರು 10 ಮಿಲಿಗ್ರಾಂ ದಾಟಬಾರದು.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಎಚ್ಚರಿಕೆ. ವೈರಸ್ ಇಳಿದಂತೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿ, ಹಳೆಯ ಪ್ರಮಾಣದ ಮಾತ್ರೆಗೆ ಸಕ್ಕರೆ ಅಂಶ ದಿಢೀರ್ ಕುಸಿಯಬಹುದು. ಮೊದಲ ತಿಂಗಳು ಆಗಾಗ ನೋಡಿಕೊಳ್ಳುತ್ತಿರಬೇಕು.

ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸದೆ ಈ ಮಾತ್ರೆ ಶುರು ಮಾಡಲೇಬಾರದು. ಎರಡೂ ವೈರಸ್ ಇರುವವರಲ್ಲಿ ಸಿ ವೈರಸ್ ಬಿಯನ್ನು ಹತ್ತಿಕ್ಕಿರುತ್ತದೆ. ಸಿ ಹೋದ ಕೂಡಲೇ ಬಿ ಕೆರಳಿ ಲಿವರ್ ಕೈಕೊಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಎಲ್ಲ ಮಾತ್ರೆಗಳ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಲು ಹೇಳಿದ್ದು ಇದಕ್ಕಾಗಿ. ಬಿ ಇರುವವರಿಗೆ ಆ ವೈರಸ್ಸನ್ನು ಅದುಮಿಡುವ ಟೆನೊಫೊವಿರ್ ಕೂಡ ಜೊತೆಯಲ್ಲೇ ಬೇಕಾಗುತ್ತದೆ.

ಕಾಮಾಲೆಗೆ ನಾಟಿ ಔಷಧ ಕೊಡುವವರು ಕರ್ನಾಟಕದ ಪ್ರತಿ ಸೀಮೆಯಲ್ಲೂ ಇದ್ದಾರೆ, ಅವರ ಮೇಲೆ ಜನರ ನಂಬಿಕೆಯೂ ದೊಡ್ಡದು. ಹೆಪಟೈಟಿಸ್ ಎ, ಇ ಬಂದವರು ಮೂರ್ನಾಲ್ಕು ವಾರದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುವುದರಿಂದ ಹೆಸರು ಔಷಧಕ್ಕೆ ಬರುತ್ತದೆ. ಹೆಪಟೈಟಿಸ್ ಸಿ ಹಾಗಲ್ಲ. ಅದರಲ್ಲಿ ಕಾಮಾಲೆ ಕಾಣಿಸುವುದೇ ಕಡಿಮೆ, ಕಂಡರೆ ಬಹಳ ಸಲ ಲಿವರ್ ಸೋತ ಮೇಲೆ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಕೋವಿಡ್ ಕಾಲದಲ್ಲಿ ಮುಂಬೈಯಿಂದ ವರದಿಯಾಗಿವೆ. ಈ 12 ವಾರ ಕಷಾಯ, ಪುಡಿ, ಲೇಹ್ಯ ಯಾವುದೂ ಬೇಡ. ಪಥ್ಯವೂ ಬೇಡ. ಎಣ್ಣೆ, ಬೇಳೆ, ಮೊಟ್ಟೆ ಬಿಟ್ಟು ಬರೀ ಗಂಜಿ ಕುಡಿಸುವುದರಿಂದ ಸಿರೋಸಿಸ್ ರೋಗಿಯ ತೋಳು, ತೊಡೆ ಕರಗುತ್ತವೆ. ಅವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮಲಗುವ ಮುನ್ನ ಏನಾದರೂ ತಿನ್ನಬೇಕು. ಹೊಟ್ಟೆಯಲ್ಲಿ ನೀರಿದ್ದರೆ ಕಡಿಮೆ ಮಾಡಬೇಕಾದ್ದು ಉಪ್ಪು.

ಮಾತ್ರೆ ದಿನಾ ಒಂದೇ ಹೊತ್ತಿಗೆ. ಮರೆತರೆ, 18 ಗಂಟೆಯೊಳಗೆ ನೆನಪಾದರೆ ತಕ್ಷಣ ನುಂಗಿ, ಮಾರನೆಯದನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಿ. ಅದು ದಾಟಿದ್ದರೆ ಬಿಟ್ಟುಬಿಡಿ; ಎರಡನ್ನು ಒಟ್ಟಿಗೆ ನುಂಗಬೇಡಿ. ನುಂಗಿದ ಎರಡು ಗಂಟೆಯೊಳಗೆ (ವೆಲ್‌ಪಟಾಸ್‌ವಿರ್ ಇರುವ ಮಾತ್ರೆಯಾದರೆ ಮೂರು ಗಂಟೆಯೊಳಗೆ) ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು. ಡಬ್ಬಿಯಲ್ಲಿ ಇರುವುದು 28 ಮಾತ್ರೆ, ಅಂದರೆ ನಾಲ್ಕು ವಾರಕ್ಕೆ. ‘ತಿಂಗಳಿಗೊಂದು ಡಬ್ಬಿ’ ಎಂದುಕೊಂಡು ಒಂದನೇ ತಾರೀಖಿಗೆ ಆಸ್ಪತ್ರೆಗೆ ಹೋದವರಿಗೆ ಎರಡು ಮೂರು ದಿನ ಮಾತ್ರೆ ತಪ್ಪುತ್ತದೆ. ಕೊನೆಯ ಐದು ಮಾತ್ರೆ ಉಳಿದಾಗಲೇ ಹೋಗಬೇಕು.

ಕೊನೆಯ ಮಾತ್ರೆಯ ನಂತರ 84 ದಿನ

ಮಾತ್ರೆ ಮುಗಿದ ದಿನ ವೈರಸ್ ಕಾಣದಿದ್ದರೆ ವಾಸಿಯಾಯಿತೆಂದು ಹೇಳಲು ಬಾರದು. ಔಷಧದ ಒತ್ತಡದಲ್ಲಿ ಅದು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಉಳಿದಿರಬಹುದು. ಔಷಧ ನಿಲ್ಲಿಸಿ 12 ವಾರ ಬಿಟ್ಟು ಮಾಡುವ ಆರ್‌ಎನ್‌ಎ ಪರೀಕ್ಷೆಯಲ್ಲಿ ಕಾಣದಿದ್ದರೆ ಮಾತ್ರ ವಾಸಿ. ಇದಕ್ಕೆ ಎಸ್‌ವಿಆರ್ 12 ಎನ್ನುತ್ತಾರೆ. ಆ ಹೊತ್ತಿಗೆ ರೋಗಿ ಚೆನ್ನಾಗಿರುತ್ತಾನೆ, ಮಾತ್ರೆಯ ಬುಡ್ಡಿ ಖಾಲಿಯಾಗಿರುತ್ತದೆ, ಆಸ್ಪತ್ರೆಗೆ ಬರಲು ಕಾರಣವೇ ಕಾಣುವುದಿಲ್ಲ. ಹೀಗೆ ಬಾರದೆ ಉಳಿದವರಲ್ಲಿ ನೂರಕ್ಕೆ ನಾಲ್ಕೈದು ಮಂದಿಯ ಮೈಯಲ್ಲಿ ವೈರಸ್ ಮತ್ತೆ ಬೆಳೆಯುತ್ತಿರುತ್ತದೆ, ಅವರು ವಾಸಿಯಾಯಿತೆಂದು ನಂಬಿರುತ್ತಾರೆ. ಮೊದಲ ಡಬ್ಬಿ ಕೊಡುವಾಗಲೇ ಈ ದಿನಾಂಕವನ್ನು ಕಾರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು, ಫೋನ್ ಮಾಡಿ ಕರೆಸುವ ಜವಾಬ್ದಾರಿಯನ್ನು ಆಸ್ಪತ್ರೆಯ ಒಬ್ಬರಿಗೆ ವಹಿಸಬೇಕು. ಚಿಕಿತ್ಸೆ ಸೋತವರಿಗೂ ದಾರಿಯಿದೆ: ವೊಕ್ಸಿಲಾಪ್ರೆವಿರ್ ಎಂಬ ಮೂರನೇ ಔಷಧ ಸೇರಿದ ಮಾತ್ರೆ, ಅಥವಾ ವೆಲ್‌ಪಟಾಸ್‌ವಿರ್ ಮಾತ್ರೆಯ ಜೊತೆ ರೈಬಾವಿರಿನ್ 24 ವಾರ.

ವಾಸಿಯಾದರೂ ಸಿರೋಸಿಸ್ ಇದ್ದವರು ಬಿಡುವಂತಿಲ್ಲ. ಕ್ಯಾನ್ಸರ್ ಅಪಾಯ ಇಳಿಯುತ್ತದೆ, ಹೋಗುವುದಿಲ್ಲ. ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್, ಜೊತೆಗೆ ಲಿವರ್ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ರಕ್ತ ಪರೀಕ್ಷೆ, ಜೀವನಪೂರ್ತಿ.

ಇದೆಲ್ಲಾ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ ಎನ್ನುವವರು ಪಂಜಾಬನ್ನು ನೋಡಬೇಕು. ಭಾರತದಲ್ಲಿ ಈ ರೋಗದ ಹೊರೆ ಹೆಚ್ಚಿರುವ ರಾಜ್ಯ ಅದು. 2016ರಲ್ಲಿ ಅಲ್ಲಿನ ಸರ್ಕಾರ 22 ಜಿಲ್ಲಾಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಆರಂಭಿಸಿತು. ಚಂಡೀಗಢದ ಪಿಜಿಐ ಆಸ್ಪತ್ರೆಯ ತಜ್ಞರು ಜಿಲ್ಲೆಯ ವೈದ್ಯರಿಗೆ ತರಬೇತಿ ಕೊಟ್ಟರು. ಲೆಕ್ಕ ಹಾಕಿ ಸಿರೋಸಿಸ್ ಗುರುತಿಸುವ ಮೇಲಿನ ಪದ್ಧತಿಯನ್ನೇ ಬಳಸಿದರು. ಕೊನೆಯ ಪರೀಕ್ಷೆಗೆ ಬಂದವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ವಾಸಿಯಾಗಿದ್ದರು. ಈಜಿಪ್ಟ್ ಇನ್ನೂ ಮುಂದೆ ಹೋಯಿತು. ಬಸವನಹುಳುವಿನಿಂದ ಹರಡುವ ಪರೋಪಜೀವಿ ರೋಗಕ್ಕೆ ದಶಕಗಳ ಹಿಂದೆ ಒಂದೇ ಸಿರಿಂಜಿನಲ್ಲಿ ಹಲವರಿಗೆ ಚುಚ್ಚಿದ್ದರಿಂದ ಅಲ್ಲಿ ಹೆಪಟೈಟಿಸ್ ಸಿ ಹಳ್ಳಿಹಳ್ಳಿಗೆ ಹರಡಿತ್ತು. 2018ರಿಂದ ವಯಸ್ಕರೆಲ್ಲರನ್ನೂ ಪರೀಕ್ಷಿಸಲು ಹೊರಟು, 40 ಲಕ್ಷಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಕೊಟ್ಟು, 2023ರಲ್ಲಿ ರೋಗ ತೊಲಗಿಸುವ ಹಾದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ‘ಚಿನ್ನದ ಹಂತ’ದ ಮಾನ್ಯತೆ ಪಡೆಯಿತು.

ಕರ್ನಾಟಕದಂಥ, ಸೋಂಕು ವಿರಳವಾಗಿರುವ ಕಡೆ ಊರಿಗೆ ಊರನ್ನೇ ಪರೀಕ್ಷಿಸುವುದಕ್ಕಿಂತ ಅಪಾಯ ಇರುವ ಕಡೆ ಹುಡುಕುವುದು ಸರಿ: ರಕ್ತನಿಧಿಗಳಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾಗುವ ಮೊದಲು ರಕ್ತ ಪಡೆದವರು, ತಲಸ್ಸೀಮಿಯಾ ಮತ್ತು ಹಿಮೋಫಿಲಿಯಾ ಇರುವವರು, ಎಚ್‌ಐವಿ ಇರುವವರು, ಮಾದಕ ದ್ರವ್ಯ ಚುಚ್ಚಿಕೊಳ್ಳುವವರು, ಜಾತ್ರೆಯಲ್ಲಿ ಸೂಜಿ ಬದಲಿಸದೆ ಹಚ್ಚೆ ಹಾಕಿಸಿಕೊಂಡವರು, ಸೋಂಕಿತ ತಾಯಿಯ ಮಕ್ಕಳು. ಮಗುವಿಗೆ ತಗುಲುವ ಸಾಧ್ಯತೆ ಶೇ 5ರಿಂದ 6. ತಾಯಿಯ ಆ್ಯಂಟಿಬಾಡಿ ಮಗುವಿನ ರಕ್ತದಲ್ಲಿ ಉಳಿದಿರುವುದರಿಂದ ಆ್ಯಂಟಿಬಾಡಿ ಪರೀಕ್ಷೆಯನ್ನು 18 ತಿಂಗಳ ನಂತರ ಮಾಡಿಸಬೇಕು. ಎದೆಹಾಲು ಕುಡಿಸಬಹುದು.

ಎಲ್ಲಕ್ಕಿಂತ ಮೊದಲು ಡಯಾಲಿಸಿಸ್ ಕೇಂದ್ರಗಳು. ವಾರಕ್ಕೆ ಎರಡು ಮೂರು ಸಲ ರಕ್ತ ಹೊರಬಂದು ಒಳಹೋಗುವ ಜಾಗ ಅದು. ಒಬ್ಬರಿಗೆ ಹಾಕಿದ ಕೈಗವಸಿನಲ್ಲೇ ಇನ್ನೊಬ್ಬರನ್ನು ಮುಟ್ಟಿದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬಾಟಲಿಯೊಂದನ್ನೇ ಹಲವರಿಗೆ ಬಳಸಿದರೆ ಸಾಕು, ಸೋಂಕು ದಾಟುತ್ತದೆ. ಮೂತ್ರಪಿಂಡ ಕೆಟ್ಟವರಿಗೆ ಸೋಫೋಸ್‌ಬುವಿರ್ ಆಗದು ಎಂಬ ಹಳೆಯ ನಿಯಮ 2019ರಲ್ಲೇ ಬದಲಾಗಿದೆ, ಡಯಾಲಿಸಿಸ್‌ನಲ್ಲಿರುವವರಿಗೂ ಪೂರ್ತಿ ಪ್ರಮಾಣದ ಮಾತ್ರೆ ಕೊಡಬಹುದು. ಆದರೆ ವಾಸಿಯಾದ ಮೇಲೆ ರಕ್ಷಣೆಯೇನೂ ಉಳಿಯುವುದಿಲ್ಲ, ಲಸಿಕೆಯೂ ಇಲ್ಲ. ಅದೇ ಕೇಂದ್ರದಲ್ಲಿ ಮತ್ತೆ ತಗುಲಬಹುದು. ಅವರಲ್ಲಿ ಆ್ಯಂಟಿಬಾಡಿ ಹೇಗಿದ್ದರೂ ರಿಯಾಕ್ಟಿವ್ ಬರುವುದರಿಂದ ಆ ಪರೀಕ್ಷೆಯಿಂದ ಏನೂ ತಿಳಿಯದು. ಆರು ತಿಂಗಳಿಗೊಮ್ಮೆ ಆರ್‌ಎನ್‌ಎ ಪರೀಕ್ಷೆಯನ್ನೇ ಮಾಡಿಸಬೇಕು.